ಕಳಚದ ವೇಷ: ಆಸ್ಥಾನದ ಸಲಿಂಗ ಪ್ರೇಮಕಥೆಗಳ ಒಂದು ಚರಿತ್ರೆ

ವಿದರ್ಭದ ಅರಸನೆದುರು ಇಬ್ಬರು ಬ್ರಾಹ್ಮಣ ಹುಡುಗರು ನಿಂತಿದ್ದಾರೆ. ಒಬ್ಬ ವೇದಮಿತ್ರನ ಮಗ ಸುಮೇಧ, ಇನ್ನೊಬ್ಬ ಸಾರಸ್ವತನ ಮಗ ಸಾಮವಂತ. ಒಟ್ಟಿಗೆ ಆಡಿ, ಒಟ್ಟಿಗೆ ಓದಿ ಬೆಳೆದವರು. ಓದು ಮುಗಿದಿದೆ, ಮದುವೆಯ ವಯಸ್ಸು ಬಂದಿದೆ, ಕೈಯಲ್ಲಿ ಕಾಸಿಲ್ಲ. ಅಪ್ಪಂದಿರು ಅರಸನ ಬಳಿಗೆ ಕಳಿಸಿದ್ದಾರೆ. ಅರಸನಿಗೆ ಹುಡುಗಾಟದ ಬುದ್ಧಿ. ನಿಷಧದ ರಾಣಿ ಸೀಮಂತಿನಿ ಸೋಮವಾರ ಸೋಮವಾರ ಬ್ರಾಹ್ಮಣ ದಂಪತಿಗಳನ್ನು ಕರೆಸಿ ಉಮಾಮಹೇಶ್ವರರೆಂದು ಪೂಜಿಸಿ ಹೊನ್ನು ಕೊಡುತ್ತಾಳೆ. ನಿಮ್ಮಲ್ಲೊಬ್ಬ ಹೆಣ್ಣುವೇಷ ಹಾಕಿಕೊಳ್ಳಿ, ಗಂಡಹೆಂಡಿರಾಗಿ ಹೋಗಿ ಬನ್ನಿ, ಎನ್ನುತ್ತಾನೆ. ಹುಡುಗರು ಹೆದರುತ್ತಾರೆ. ಸಿಕ್ಕಿಬಿದ್ದರೆ ಮಾನ ಹೋಗುತ್ತದೆ, ಕುಲಕ್ಕೆ ಕೆಟ್ಟ ಹೆಸರು ಎಂದು ಬೇಡಿಕೊಳ್ಳುತ್ತಾರೆ. ಅರಸ ಬಿಡುವುದಿಲ್ಲ. ಸಾಮವಂತನಿಗೆ ಸೀರೆ ಉಡಿಸಿ, ಬಳೆ ತೊಡಿಸಿ, ಕಣ್ಣಿಗೆ ಕಾಡಿಗೆ ಹಚ್ಚಿ ಕಳಿಸುತ್ತಾರೆ.

ಸೀಮಂತಿನಿ ನೋಡಿದಳು. ಹೆಣ್ಣಿನ ವೇಷದೊಳಗೆ ಇರುವುದು ಗಂಡು ಎಂದು ಅವಳಿಗೆ ಗೊತ್ತಾಯಿತು. ಮುಗುಳುನಕ್ಕಳು. ಆದರೂ ಕೂರಿಸಿದಳು, ಕಾಲು ತೊಳೆದಳು, ಹರಗೌರಿಯರೆಂದೇ ಭಾವಿಸಿ ಪೂಜಿಸಿದಳು, ಉಣಬಡಿಸಿದಳು, ಕಾಣಿಕೆ ಕೊಟ್ಟು ಕಳಿಸಿದಳು. ಹಿಂದಿರುಗುವ ದಾರಿ ಕಾಡಿನ ನಡುವೆ. ಮುಂದೆ ಸುಮೇಧ, ಹಿಂದೆ ಸಾಮವಂತ. ಹಿಂದಿನಿಂದ ಒಂದು ದನಿ: ನಿಲ್ಲು, ನನ್ನನ್ನು ನೋಡು. ಗೆಳೆಯ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಸುಮೇಧ ನಡೆಯುತ್ತಲೇ ಇದ್ದ. ತಿರುಗಿ ನೋಡಿದಾಗ ಅಲ್ಲಿದ್ದದ್ದು ವೇಷವಾಗಿರಲಿಲ್ಲ. ಸಾಮವಂತ ಸಾಮವತಿಯಾಗಿದ್ದಳು, ಸುಮೇಧನನ್ನು ಬಯಸುತ್ತಿದ್ದಳು.

ಸ್ಕಂದಪುರಾಣದ ಬ್ರಹ್ಮೋತ್ತರ ಖಂಡದಲ್ಲಿ ಸೋಮವಾರ ವ್ರತದ ಮಹಿಮೆಯನ್ನು ಹೇಳಲು ಬಂದ ಕಥೆ ಇದು. ನಮ್ಮ ಮನೆಗಳಲ್ಲಿ ಸೋಮವಾರದ ಉಪವಾಸ ಮಾಡುವ ಹೆಂಗಸರಿಗೆ ಸೀಮಂತಿನಿಯ ಹೆಸರು ಗೊತ್ತು. ನದಿಯಲ್ಲಿ ಮುಳುಗಿದ ಅವಳ ಗಂಡ ಚಿತ್ರಾಂಗದ ಮರಳಿ ಬಂದದ್ದೂ ಗೊತ್ತು. ಅವಳ ಪೂಜೆಗೆ ಕೂತ ಇಬ್ಬರು ಗೆಳೆಯರ ಕಥೆ ಮಾತ್ರ ಅಷ್ಟು ಪ್ರಚಾರದಲ್ಲಿಲ್ಲ. ಸಲಿಂಗ ಪ್ರೇಮದ ಭಾರತೀಯ ಪಠ್ಯಗಳನ್ನು ಒಟ್ಟುಗೂಡಿಸಿ ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ 2000ದಲ್ಲಿ ಪ್ರಕಟಿಸಿದ ಸಂಕಲನದಲ್ಲಿ ಇದಕ್ಕೆ ಜಾಗ ಸಿಕ್ಕ ಮೇಲೆ ವಿದ್ವಾಂಸರ ಕಣ್ಣು ಇದರ ಮೇಲೆ ಬಿತ್ತು. ಕನ್ನಡದಲ್ಲಿ ಇದನ್ನು ಆಸ್ಥಾನದ ಪ್ರಣಯಹಾಸ್ಯವಾಗಿ ಓದುವ ಕೆಲಸ ಇನ್ನೂ ಬಾಕಿಯಿದೆ. ಈ ಲೇಖನ ಆ ಕಡೆಗೆ ಇಟ್ಟ ಹೆಜ್ಜೆ.

ನಂದಿದುರ್ಗ ಎಂಬ ಗಣಿಯ ಹೆಸರನ್ನೇ ಊರಿನ ಹೆಸರಾಗಿ ಉಳಿಸಿಕೊಂಡಿರುವ ಕೆಜಿಎಫ್‌ನ ಈ ಭಾಗದಿಂದ ಈ ವಿಷಯಕ್ಕೆ ಬರುವುದಕ್ಕೆ ಕಾರಣವಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿನ ಮಕ್ಕಳು ಕೆಲಸ ಹುಡುಕಿಕೊಂಡು ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತಾರೆ. ಆ ರೈಲಿನಲ್ಲಿ ಕೂತ ಹುಡುಗಿಯರ ಮೊಬೈಲಿನಲ್ಲಿ ಕೊರಿಯಾದ ಅರಮನೆ ಧಾರಾವಾಹಿ ಓಡುತ್ತಿರುವುದನ್ನು ನೋಡಿದ್ದೇನೆ. ಇಂದಿನ ಗಂಡಸೊಬ್ಬ ಕಾಲದಲ್ಲಿ ಹಿಂದಕ್ಕೆ ಬಿದ್ದು ರಾಣಿಯ ಮೈಯೊಳಗೆ ಕಣ್ಣು ಬಿಡುತ್ತಾನೆ, ಅರಸ ಅವನನ್ನು ಪ್ರೀತಿಸತೊಡಗುತ್ತಾನೆ, ನೋಡುವವರು ನಗುತ್ತಾರೆ. ಇದು ಹೊಸ ಕಥೆ ಎನ್ನುವವರಿದ್ದಾರೆ. ನನಗೆ ಕಾಣಿಸಿದ್ದು ಸಾಮವಂತನ ಕಾಡುದಾರಿ.

ಸಾಮವಂತನ ಕಥೆಯಲ್ಲಿ ನಗುವವರು ಇಬ್ಬರು, ಅವರ ನಗೆಯೂ ಎರಡು ಬಗೆ. ಅರಸನದು ಅಧಿಕಾರದ ನಗೆ. ಬಡ ಹುಡುಗರ ಅಗತ್ಯವನ್ನು ಅವನು ತನ್ನ ವಿನೋದಕ್ಕೆ ಬಳಸಿಕೊಂಡ. ರಾಣಿಯದು ಗುರುತು ಹಿಡಿದವಳ ನಗೆ. ಅವಳು ಮೋಸ ಕಂಡೂ ಬಯಲು ಮಾಡಲಿಲ್ಲ. ಎದುರಿಗಿದ್ದ ಇಬ್ಬರು ಗಂಡಸರನ್ನು ದಂಪತಿಯೆಂದು ಒಪ್ಪಿಕೊಂಡಳು. ಮುಂದೆ ನಡೆಯುವುದೆಲ್ಲ ಈ ಒಪ್ಪಿಗೆಯ ಫಲ. ಸಾರಸ್ವತ ಒಬ್ಬನೇ ಮಗನನ್ನು ಕಳೆದುಕೊಂಡೆನೆಂದು ಅರಸನೆದುರು ಗೋಳಾಡುತ್ತಾನೆ. ಅರಸ ಹೆದರಿ ದೇವಿಯ ಮೊರೆ ಹೋಗುತ್ತಾನೆ. ನನ್ನ ಭಕ್ತೆ ಮಾಡಿದ್ದನ್ನು ನಾನು ಕೆಡಿಸಲಾರೆ, ಇವಳು ಸುಮೇಧನ ಹೆಂಡತಿಯಾಗಲಿ, ಸಾರಸ್ವತನಿಗೆ ಇನ್ನೊಬ್ಬ ಮಗ ಹುಟ್ಟುತ್ತಾನೆ, ಎಂದು ದೇವಿ ಹೇಳುತ್ತಾಳೆ. ಮದುವೆಯಾಗುತ್ತದೆ. ಹಣಕ್ಕಾಗಿ ಹಾಕಿದ ವೇಷ, ಸಿಕ್ಕಿಬೀಳುವ ಭಯ, ದಾರಿಯಲ್ಲಿ ತಪ್ಪಿದ ಲೆಕ್ಕ, ಹೆತ್ತವರ ಗಲಾಟೆ, ಕೊನೆಗೆ ಓಲಗ: ಪ್ರಣಯಹಾಸ್ಯಕ್ಕೆ ಬೇಕಾದ ಎಲ್ಲ ಸಾಮಗ್ರಿಯೂ ಇಲ್ಲಿದೆ.

ಇದನ್ನು ಸಲಿಂಗ ಪ್ರೇಮದ ಕಥೆ ಎನ್ನಬಹುದೇ? ಪ್ರೀತಿಯ ಮಾತು ಬಾಯಿಗೆ ಬರುವ ಹೊತ್ತಿಗೆ ಸಾಮವಂತ ಹೆಣ್ಣಾಗಿದ್ದಾಳೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಲಿಂಗತ್ವ ಅಲ್ಪಸಂಖ್ಯಾತರು ಇದನ್ನು ತಮ್ಮ ಕಥೆಯೆಂದು ಓದಿದರೆ ಆ ಓದಿಗೂ ಪೂರ್ತಿ ಹಕ್ಕಿದೆ. ಆದರೆ ರಾಣಿ ಪೂಜಿಸಿದಾಗ ಅಲ್ಲಿ ಕೂತಿದ್ದದ್ದು ಇಬ್ಬರು ಗಂಡಸರು. ಮದುವೆಗೆ ತಳಹದಿಯಾದದ್ದು ಇಬ್ಬರು ಹುಡುಗರ ಬಾಲ್ಯದ ನಂಟು. ಪುರಾಣಕಾರ ಪ್ರೀತಿಯನ್ನು ಇದ್ದಂತೆಯೇ ಬಿಟ್ಟು ಮೈಯನ್ನು ಬದಲಿಸಿದ. ಸಮಾಜ ಒಪ್ಪದ ಪ್ರೀತಿಯನ್ನು ಹೇಳಬೇಕಾದ ಕಥೆಗಾರನಿಗೆ ಮೈಯನ್ನು ಬದಲಿಸುವುದು ಒಂದು ದಾರಿ, ಕಾಲವನ್ನು ಬದಲಿಸುವುದು ಇನ್ನೊಂದು. ಎರಡರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯಲ್ಲಿ ಎಲ್ಲವೂ ಮೊದಲಿನಂತಾಗುತ್ತದೆಯೇ?

ಈ ಪ್ರಶ್ನೆ ಹಿಡಿದು ನಮಗೆ ಗೊತ್ತಿರುವ ಕಥೆಗಳನ್ನು ನೋಡಿದರೆ ಸಾಮವಂತ ಎಷ್ಟು ಒಂಟಿ ಎಂಬುದು ತಿಳಿಯುತ್ತದೆ. ವಿರಾಟನ ಅರಮನೆಯನ್ನೇ ತೆಗೆದುಕೊಳ್ಳಿ. ಮಳೆ ಬರಲೆಂದು ಹಳ್ಳಿಗಳಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುವ ಪದ್ಧತಿಯಿಂದಾಗಿ ಅಕ್ಷರ ಬಾರದವರಿಗೂ ಈ ಆಸ್ಥಾನ ಪರಿಚಿತ. ಬೃಹನ್ನಳೆಯಾದ ಅರ್ಜುನ ಒಂದು ವರ್ಷ ರಾಜಕುಮಾರಿ ಉತ್ತರೆಗೆ ನಾಟ್ಯ ಕಲಿಸುತ್ತಾನೆ. ಗಡುವು ಮುಗಿದದ್ದೇ ತಡ ಗಾಂಡೀವ ಕೈಗೆ ಬರುತ್ತದೆ, ಬಳೆ ಕಳಚುತ್ತದೆ. ಅದೇ ಅರಮನೆಯ ನಾಟ್ಯಶಾಲೆಯ ಕತ್ತಲೆಯಲ್ಲಿ ಸೈರಂಧ್ರಿಯೆಂದುಕೊಂಡು ಭೀಮನನ್ನು ಮುದ್ದಿಸಲು ಬಂದ ಕೀಚಕನ ಪ್ರಸಂಗವಿದೆ. ಬಯಲಾಟದಲ್ಲಿ ಈ ಘಟ್ಟ ಬಂದಾಗ ಮಲಗಿದ್ದ ಮಕ್ಕಳನ್ನೂ ಎಬ್ಬಿಸಿ ತೋರಿಸುತ್ತಾರೆ. ಗಂಡು ಗಂಡನ್ನು ಸರಸಕ್ಕೆ ಕರೆಯುವುದನ್ನು ಇಡೀ ಊರು ಬಾಯಿತುಂಬ ನಗುತ್ತ ನೋಡುತ್ತದೆ. ಆ ನಗೆಗೆ ಅನುಮತಿ ಸಿಗುವುದು ಮುಂದಿನ ಗಳಿಗೆಯಲ್ಲಿ ಕೀಚಕ ಸಾಯುತ್ತಾನೆ ಎಂಬ ಖಾತರಿಯಿಂದ. ಈ ಮಾತನ್ನು ಹಗುರಾಗಿ ಹೇಳುತ್ತಿಲ್ಲ. ಕೀಚಕನ ಪಾಪ ಪರಸ್ತ್ರೀಯ ಮೇಲಿನ ಬಲಾತ್ಕಾರ, ಅದಕ್ಕೆ ಶಿಕ್ಷೆ ಸರಿ. ಆದರೆ ಆ ದೃಶ್ಯ ನಗೆ ಹುಟ್ಟಿಸುವುದು ಬೇರೊಂದು ತಂತಿಯನ್ನು ಮೀಟಿ.

ಯೋಗವಾಸಿಷ್ಠದ ಚೂಡಾಲೆ ಇನ್ನೂ ಜಾಣೆ. ರಾಜ್ಯ ಬಿಟ್ಟು ಕಾಡು ಸೇರಿದ ಗಂಡ ಶಿಖಿಧ್ವಜನಿಗೆ ಜ್ಞಾನ ಕೊಡಲು ರಾಣಿ ಕುಂಭನೆಂಬ ಮುನಿಕುಮಾರನಾಗಿ ಹೋಗುತ್ತಾಳೆ. ಇಬ್ಬರಿಗೂ ಗಾಢ ಸ್ನೇಹ. ಆಮೇಲೆ ದೂರ್ವಾಸರ ಶಾಪ ತಗುಲಿತು, ರಾತ್ರಿ ಹೊತ್ತು ಹೆಣ್ಣಾಗುತ್ತೇನೆ ಎಂದು ಕಥೆ ಕಟ್ಟಿ, ಮದನಿಕೆಯಾಗಿ ಅರಸನನ್ನೇ ಮದುವೆಯಾಗುತ್ತಾಳೆ. ಹಗಲು ಗೆಳೆಯ, ರಾತ್ರಿ ಹೆಂಡತಿ. ಅರಸನಿಗೆ ಎರಡೂ ಸಹಜವೆನಿಸುತ್ತದೆ. ಕೊನೆಗೆ ಅವಳು ಚೂಡಾಲೆಯಾಗಿ ನಿಜರೂಪ ತೋರಿಸಿದಾಗ ವೇಷಗಳೆಲ್ಲ ಕಳಚಿ ದಂಪತಿ ರಾಜಧಾನಿಗೆ ಮರಳುತ್ತಾರೆ.

ಇಲನ ಕಥೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ರಾಮಾಯಣದ ಉತ್ತರಕಾಂಡ ಹೇಳುವಂತೆ ಶಿವನ ವನ ಹೊಕ್ಕು ಹೆಣ್ಣಾದ ಈ ಅರಸ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು. ಹೆಣ್ಣಾಗಿದ್ದಾಗಿನದು ಗಂಡಾದಾಗ ನೆನಪಿರುವುದಿಲ್ಲ, ಗಂಡಾಗಿದ್ದಾಗಿನದು ಹೆಣ್ಣಾದಾಗ ನೆನಪಿರುವುದಿಲ್ಲ. ಬುಧನಿಗೆ ಮಾತ್ರ ಎಲ್ಲವೂ ಗೊತ್ತು, ಗೊತ್ತಿದ್ದೂ ಪ್ರೀತಿಸುತ್ತಾನೆ. ಅವರಿಗೆ ಹುಟ್ಟಿದವನು ಪುರೂರವ. ಅಶ್ವಮೇಧದ ಕೊನೆಗೆ ಇಲ ಗಂಡಾಗುತ್ತಾನೆ, ಸರಿ. ಆದರೆ ಚಂದ್ರವಂಶ ನಿಂತದ್ದು ಅವನು ಹೆಣ್ಣಾಗಿದ್ದ ತಿಂಗಳುಗಳ ಫಲದಿಂದ. ಕನ್ನಡನಾಡಿನ ಆಸ್ಥಾನಗಳಿಗೂ ಇದಕ್ಕೂ ನೇರ ಸಂಬಂಧವಿದೆ. ಹಂಪೆಯ ವಿರೂಪಾಕ್ಷ ಗುಡಿಯಲ್ಲಿರುವ ಕೃಷ್ಣದೇವರಾಯನ 1510ರ ಶಾಸನ ಅವನ ವಂಶವನ್ನು ಚಂದ್ರ, ಬುಧ, ಪುರೂರವರಿಂದ ಎಣಿಸುತ್ತದೆ. ಹೊಯ್ಸಳರ ವಂಶಾವಳಿಯೂ ಹೀಗೆಯೇ ಚಂದ್ರನಿಂದ ಇಳಿದು ಬರುತ್ತದೆ. ಕೋಲಾರ ಸೀಮೆಯನ್ನು ಹದಿಮೂರನೆಯ ಶತಮಾನದಲ್ಲಿ ಆಳಿದ ಹೊಯ್ಸಳ ರಾಮನಾಥನೂ ಆ ವಂಶದವನೇ. ಶಾಸನಕವಿ ಬುಧನ ಹೆಸರು ಕೆತ್ತಿಸಿದ, ಪುರೂರವನ ಹೆಸರು ಕೆತ್ತಿಸಿದ. ನಡುವಿನ ತಾಯಿ ಯಾರೆಂದು ಕೇಳಿದ ಓದುಗನಿಗೆ ಸಿಗುವ ಉತ್ತರ ಒಬ್ಬ ಅರಸ.

ಕಥೆಗಳು ಮೈ ಬದಲಿಸಿ ಹೇಳಿದ್ದನ್ನು ತರ್ಕದ ಭಾಷೆಯಲ್ಲಿ ಹೇಳಿದವರು ಜೈನ ಆಚಾರ್ಯರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಆಸ್ತಿ ಕರ್ನಾಟಕದ್ದು. ಜೈನ ಕರ್ಮಸಿದ್ಧಾಂತ ಕಾಮವನ್ನು ‘ವೇದ’ ಎಂದು ಕರೆಯುತ್ತದೆ. ಹೆಣ್ಣನ್ನು ಬಯಸುವುದು ಪುಂವೇದ, ಗಂಡನ್ನು ಬಯಸುವುದು ಸ್ತ್ರೀವೇದ, ಇಬ್ಬರನ್ನೂ ಬಯಸುವುದು ನಪುಂಸಕವೇದ. ಮುಖ್ಯವಾದ ಮಾತು ಮುಂದಿದೆ. ಮೈಯ ಲಿಂಗ ಒಂದು ಕರ್ಮದಿಂದ ಬರುತ್ತದೆ, ಮನಸ್ಸಿನ ಬಯಕೆ ಇನ್ನೊಂದು ಕರ್ಮದಿಂದ. ಮೊದಲನೆಯದು ದ್ರವ್ಯವೇದ, ಎರಡನೆಯದು ಭಾವವೇದ. ಹತ್ತನೆಯ ಶತಮಾನದಲ್ಲಿ ಆಚಾರ್ಯ ನೇಮಿಚಂದ್ರರು ಬರೆದ ‘ಗೊಮ್ಮಟಸಾರ’ದ ಜೀವಕಾಂಡ ಈ ಎರಡೂ ಬಹುಮಟ್ಟಿಗೆ ಹೊಂದಿಕೊಂಡಿರುತ್ತವೆ, ಕೆಲವರಲ್ಲಿ ಹೊಂದುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಗಂಡಿನ ಮೈಯಲ್ಲಿ ಗಂಡನ್ನು ಬಯಸುವ ಮನಸ್ಸಿರಬಹುದು. ಕಾಮ ಯಾವ ಬಗೆಯದಾದರೂ ಕರ್ಮಬಂಧವೇ, ಮುನಿಗಳು ಅದನ್ನು ಹೊಗಳಲಿಲ್ಲ. ಆದರೆ ಒಂದು ಬಯಕೆಯನ್ನು ಮಾತ್ರ ಆರಿಸಿ ಅಸಹಜವೆಂದು ಪಕ್ಕಕ್ಕೆ ಎಸೆಯಲೂ ಇಲ್ಲ. ಮೂರನ್ನೂ ಒಂದೇ ಕೋಷ್ಟಕದಲ್ಲಿಟ್ಟರು.

ನೇಮಿಚಂದ್ರರು ಈ ಗ್ರಂಥ ರಚಿಸಿದ್ದು ಚಾವುಂಡರಾಯನ ಸಲುವಾಗಿ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅದೇ ಚಾವುಂಡರಾಯ ಗಂಗರ ಮಂತ್ರಿ, ಸೇನಾನಿ. ಗಂಗರು ಕೊನೆಯವರೆಗೂ ತಮ್ಮನ್ನು ಕೋಲಾರಪುರದ ಒಡೆಯರೆಂದು ಬಿರುದಿನಲ್ಲಿ ಕರೆದುಕೊಂಡರು. ಅವರ ಮೊದಲ ರಾಜಧಾನಿ ಈ ಕೋಲಾರವೇ. 1359ರಲ್ಲಿ ಕೇಶವವರ್ಣಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿ ಬರೆದ. ಅಂದರೆ ಮೈಯೂ ಬಯಕೆಯೂ ಬೇರೆ ಬೇರೆಯಾಗಿರಬಹುದೆಂಬ ವಿಚಾರವನ್ನು ಕನ್ನಡ ಆರುನೂರೈವತ್ತು ವರ್ಷಗಳಿಗೂ ಹಿಂದೆಯೇ ತನ್ನ ಮಾತಿನಲ್ಲಿ ಚರ್ಚಿಸಿತ್ತು. ಇದಕ್ಕೆ ನಮ್ಮ ಭಾಷೆಯಲ್ಲಿ ಪದಗಳಿಲ್ಲ ಎಂದು ಕೊರಗುವವರು ಭಾವವೇದ ಎಂಬ ಪದವನ್ನು ಒಮ್ಮೆ ಉಚ್ಚರಿಸಿ ನೋಡಬೇಕೆಂದು ನನ್ನ ಆಸೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ, ಯಾಪನೀಯ ಪಂಥದವನು, ಸ್ತ್ರೀಮುಕ್ತಿಯನ್ನು ಸಮರ್ಥಿಸುತ್ತ ದಿಗಂಬರರ ಈ ವಿಭಜನೆಯನ್ನೇ ಪ್ರಶ್ನಿಸಿದ್ದ. ವಾದ ಎರಡೂ ಕಡೆಯಿಂದ ನಡೆದಿತ್ತು ಎಂಬುದು ಮುಖ್ಯ.

ಇಷ್ಟರವರೆಗೆ ಕಥೆ ಮತ್ತು ಶಾಸ್ತ್ರ. ಇತಿಹಾಸದ ಅರಮನೆಗಳಿಗೆ ಬಂದರೆ ನಗೆ ಉಳಿಯುವುದಿಲ್ಲ.

1311ರಲ್ಲಿ ಮಲಿಕ್ ಕಾಫೂರ್ ದ್ವಾರಸಮುದ್ರದ ಬಾಗಿಲಿಗೆ ಬಂದಾಗ ಮುಮ್ಮಡಿ ಬಲ್ಲಾಳ ಶರಣಾದ. ಕನ್ನಡದ ಶಾಲಾಪುಸ್ತಕಗಳಲ್ಲಿ ಕಾಫೂರ್ ಬರಿಯ ದಂಡನಾಯಕ. ಅವನು 1299ರ ಗುಜರಾತ್ ದಾಳಿಯಲ್ಲಿ ಖಂಭಾತ್‌ನಲ್ಲಿ ಸಿಕ್ಕಿದ ಗುಲಾಮ; ಸಾವಿರ ದಿನಾರಿನವನು ಎಂಬುದೇ ಅವನ ಅಡ್ಡಹೆಸರು. ಅಲಾವುದ್ದೀನ್ ಖಿಲ್ಜಿ ಕೊನೆಯ ವರ್ಷಗಳಲ್ಲಿ ಅವನ ಮೋಹದಲ್ಲಿ ಮುಳುಗಿದ್ದನೆಂದು ಇತಿಹಾಸಕಾರ ಬರನಿ ಬರೆಯುತ್ತಾನೆ. ಬರನಿಗೆ ಕಾಫೂರನ ಮೇಲೆ ದ್ವೇಷವಿತ್ತು, ಆದ್ದರಿಂದ ಅವನ ಮಾತನ್ನು ಹಾಗೆಯೇ ನುಂಗಬಾರದು. ಆದರೂ ಬೆಲೆಗೆ ಬಂದ ಮನುಷ್ಯನೊಬ್ಬನ ಪ್ರೀತಿಯನ್ನು ಅಳೆಯುವ ಕಷ್ಟ ಅಲ್ಲಿಯೇ ಇದೆ.

ಬಿಜಾಪುರದ ಪ್ರಕರಣ ಇನ್ನೂ ಹತ್ತಿರದ್ದು. 1558ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಅಲಿ ಆದಿಲ್ ಶಾಹ, 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರವನ್ನು ಮುರಿದ ಸುಲ್ತಾನರಲ್ಲೊಬ್ಬ, ಗಗನ ಮಹಲ್, ಜಾಮಿಯಾ ಮಸೀದಿ ಅವನ ಕಾಲದವು, ಚಾಂದಬೀಬಿಯ ಗಂಡ. ಬೀದರಿನ ಅಲಿ ಬರೀದನ ಬಳಿ ಇಬ್ಬರು ಚೆಲುವ ಖೋಜಾಗಳಿದ್ದರು. ಅವರು ತನಗೆ ಬೇಕೆಂದು ಅಲಿ ಕೇಳಿದ್ದ, ಬೀದರ ಕೊಟ್ಟಿರಲಿಲ್ಲ. ಅಹಮದನಗರದ ಮುರ್ತಜಾ ನಿಜಾಮ್ ಶಾಹ ಬೀದರಿಗೆ ಮುತ್ತಿಗೆ ಹಾಕಿದಾಗ ಬರೀದನಿಗೆ ಬಿಜಾಪುರದ ಸೇನೆಯ ನೆರವು ಬೇಕಾಯಿತು. ಆ ನೆರವಿಗೆ ಅಲಿ ಇಟ್ಟ ಬೆಲೆ ಈ ಇಬ್ಬರು. ಸೇನೆ ಹೋಯಿತು, ಮುತ್ತಿಗೆ ತೆರವಾಯಿತು, ಖೋಜಾಗಳು ಬಿಜಾಪುರಕ್ಕೆ ಬಂದರು. 1580ರ ಏಪ್ರಿಲಿನ ಒಂದು ರಾತ್ರಿ, ಅಲಿ ಅವರಲ್ಲೊಬ್ಬನನ್ನು ಹತ್ತಿರ ಕರೆದಾಗ, ಅವನು ಬಚ್ಚಿಟ್ಟುಕೊಂಡಿದ್ದ ಚೂರಿಯಿಂದ ಇರಿದು ಕೊಂದ. ಮಕ್ಕಳಿಲ್ಲದ ಅಲಿಯ ತರುವಾಯ ಅವನ ತಮ್ಮನ ಮಗ, ಇನ್ನೂ ಒಂಬತ್ತರ ಹುಡುಗ, ಎರಡನೆಯ ಇಬ್ರಾಹಿಂ ಆಗಿ ಪಟ್ಟವೇರಿದ. ಅವನ ಆಸ್ಥಾನ ಸೇರಿದ ಇತಿಹಾಸಕಾರ ಫಿರಿಷ್ತಾ ಇದನ್ನೆಲ್ಲ ದಾಖಲಿಸಿದ.

ಈ ಘಟನೆಯನ್ನು ಎರಡು ಬಗೆಯಾಗಿ ಬಳಸಿಕೊಳ್ಳುವವರಿದ್ದಾರೆ. ಕೆಲವರಿಗೆ ಇದು ಸುಲ್ತಾನರ ದುರ್ನಡತೆಯ ಸಾಕ್ಷಿ. ಕೆಲವರಿಗೆ ನಮ್ಮ ನಾಡಿನಲ್ಲೂ ಸಲಿಂಗಿ ಅರಸರಿದ್ದರೆಂಬ ಹೆಮ್ಮೆಯ ಸಾಕ್ಷಿ. ನಾನು ಎರಡನ್ನೂ ಒಪ್ಪಲಾರೆ. ಸುಲ್ತಾನರ, ರಾಜರ ಅಂತಃಪುರಗಳಿಗೆ ಹೆಣ್ಣುಮಕ್ಕಳನ್ನು ಸಂಧಿಯ ಷರತ್ತಾಗಿ ಕಳಿಸಿದ್ದಕ್ಕೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟು ಮಂದಿಯ ಕೈಗೆ ಚೂರಿ ಸಿಗಲಿಲ್ಲವೋ. ಬಿಜಾಪುರದ ಆ ರಾತ್ರಿಯ ತಪ್ಪು ಗಂಡು ಗಂಡನ್ನು ಬಯಸಿದ್ದರಲ್ಲಿಲ್ಲ. ಒಬ್ಬನ ಒಪ್ಪಿಗೆ ಕೇಳುವ ಅಗತ್ಯವೇ ಇಲ್ಲದಂತೆ ಇನ್ನೊಬ್ಬನ ಕೈಗೆ ಅವನನ್ನು ಒಪ್ಪಿಸಿದ ವ್ಯವಸ್ಥೆಯಲ್ಲಿದೆ. ಆಸ್ಥಾನವನ್ನು ಪ್ರಣಯದ ರಂಗವಾಗಿ ಆರಿಸಿಕೊಳ್ಳುವ ಯಾವ ಕಥೆಗಾರನೂ, ಇಂದಿನ ಧಾರಾವಾಹಿಯವನೂ ಸೇರಿ, ಈ ಚೂರಿಯನ್ನು ಮರೆಯಬಾರದು. ಸ್ಕಂದಪುರಾಣದ ಕಥೆ ಅದನ್ನು ಮರೆತಿಲ್ಲ ಎಂಬುದು ನನಗೆ ಆಶ್ಚರ್ಯ ಹುಟ್ಟಿಸಿದ ಸಂಗತಿ. ಅಲ್ಲಿಯೂ ಅರಸನ ಆಜ್ಞೆಯಿಂದಲೇ ಹುಡುಗರು ವೇಷ ತೊಡಬೇಕಾಗುತ್ತದೆ, ಆದರೆ ಪ್ರೀತಿ ಹುಟ್ಟುವುದು ಅರಮನೆಯಿಂದ ಹೊರಬಿದ್ದ ಮೇಲೆ, ಯಾರ ಆಜ್ಞೆಯೂ ಕೇಳಿಸದ ಕಾಡಿನಲ್ಲಿ.

ಅದೇ ಬಿಜಾಪುರ ಮುಂದಿನ ಶತಮಾನದಲ್ಲಿ ಬೇರೊಂದು ವೇಷ ಕಂಡಿತು. ಎರಡನೆಯ ಅಲಿ ಆದಿಲ್ ಶಾಹನ ಕಾಲದ ದಖನಿ ಕವಿ ಹಾಶ್ಮಿ ಹೆಣ್ಣಿನ ದನಿಯಲ್ಲಿ, ಹೆಂಗಸರ ಮನೆಮಾತಿನಲ್ಲಿ ಗಜಲ್ ಬರೆದ. ನೂರು ವರ್ಷಗಳಾಚೆ ಲಖನೌದಲ್ಲಿ ರೇಖ್ತಿ ಎಂದು ಹೆಸರಾಗಿ, ಹೆಣ್ಣು ಹೆಣ್ಣನ್ನು ಪ್ರೀತಿಸುವುದನ್ನು ಬಿಚ್ಚುಮನಸ್ಸಿನಿಂದ ಹಾಡಿದ ಪ್ರಕಾರಕ್ಕೆ ಹಾಶ್ಮಿಯನ್ನು ಮುನ್ನುಡಿಯೆಂದು ಸಾಹಿತ್ಯ ಚರಿತ್ರೆಕಾರರು ಎಣಿಸುತ್ತಾರೆ. ಇಲ್ಲಿ ವೇಷ ತೊಟ್ಟದ್ದು ಭಾಷೆ.

ಇದೆಲ್ಲದರ ಬಾಯಿ ಕಟ್ಟಿದ ಕಾಲವೂ ನಮ್ಮ ಪಕ್ಕದ ಊರಿನ ಹೆಸರಿನಲ್ಲೇ ಇದೆ. ಬಂಗಾರಪೇಟೆ ಮೊದಲು ಬೌರಿಂಗ್‌ಪೇಟೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು. ಅವನು ಅಧಿಕಾರಕ್ಕೆ ಬಂದ ವರ್ಷದ ಜನವರಿಯಲ್ಲೇ ಬ್ರಿಟಿಷ್ ಇಂಡಿಯಾದಲ್ಲಿ ದಂಡಸಂಹಿತೆ ಜಾರಿಯಾಯಿತು. ಅದರ 377ನೆಯ ಕಲಮು ಪ್ರಕೃತಿಗೆ ವಿರುದ್ಧ ಎಂಬ ಒಂದು ಮಾತಿನಲ್ಲಿ ಚೂಡಾಲೆಯ ಗೆಳೆತನವನ್ನೂ ಭಾವವೇದದ ತರ್ಕವನ್ನೂ ಒರೆಸಿಹಾಕಿತು. ಊರಿನ ಹೆಸರು ಬದಲಾಗಿ ಎಷ್ಟೋ ದಶಕ ಕಳೆದ ಮೇಲೆ, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದಕ್ಕೆ ಐದು ವರ್ಷ ಮೊದಲೇ, 2013ರಲ್ಲಿ, ವಸುಧೇಂದ್ರರ ‘ಮೋಹನಸ್ವಾಮಿ’ ಬಂದಿತ್ತು. ಅರಸನಿಲ್ಲ, ಶಾಪವಿಲ್ಲ, ವೇಷವಿಲ್ಲ; ಇಂದಿನ ಕನ್ನಡದಲ್ಲಿ, ಇಂದಿನ ಊರಿನಲ್ಲಿ, ಗಂಡೊಬ್ಬ ಗಂಡನ್ನು ಪ್ರೀತಿಸುವ ನೋವು. ನಮ್ಮ ಸಾಹಿತ್ಯ ಆ ಪುಸ್ತಕಕ್ಕೆ ಋಣಿಯಾಗಿರಬೇಕು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಸಲಿಂಗ ವಿವಾಹದ ಹಕ್ಕನ್ನು ಮಾನ್ಯ ಮಾಡಲಿಲ್ಲ. ಸುಮೇಧ ಸಾಮವತಿಯರಿಗೆ ಸಿಕ್ಕ ಓಲಗ ಇನ್ನೂ ದೂರವಿದೆ.

ಈಗ ಕಾಲಯಾನದ ಮಾತು. ಕಾಲ ಒಂದೇ ಸಮನೆ ಹರಿಯುವುದಿಲ್ಲ ಎಂಬ ಕಲ್ಪನೆ ನಮ್ಮ ಪುರಾಣಗಳಿಗೆ ಹಳೆಯದು. ಅದು ಮದುವೆಯ ಕಥೆಯಾಗಿಯೇ ಬಂದಿರುವುದು ಚೆಂದ. ಭಾಗವತದ ಕಕುದ್ಮಿ ಮಗಳು ರೇವತಿಗೆ ವರ ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮನ ಸಭೆಗೆ ಹೋಗುತ್ತಾನೆ. ಅಲ್ಲಿ ಗಾನ ನಡೆಯುತ್ತಿರುತ್ತದೆ, ಮುಗಿಯಲೆಂದು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋಗಿ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ಹೆಸರೂ ಉಳಿದಿರುವುದಿಲ್ಲ. ಕೊನೆಗೆ ರೇವತಿ ಬಲರಾಮನ ಹೆಂಡತಿಯಾಗುತ್ತಾಳೆ. ಸೀಮಂತಿನಿಯ ಗಂಡ ಚಿತ್ರಾಂಗದನೂ ಯಮುನೆಯಲ್ಲಿ ಮುಳುಗಿ ತಕ್ಷಕನ ನಾಗಲೋಕ ಸೇರಿ, ಅವಳು ವಿಧವೆಯಾಗಿ ವರ್ಷಗಳನ್ನು ಕಳೆದ ಮೇಲೆ ಎದ್ದು ಬಂದವನು. ಲೋಕ ತಪ್ಪಿ ಹೋದವನು ಮರಳುವುದನ್ನು ಕಣ್ಣಾರೆ ಕಂಡ ಹೆಂಗಸು ಅವಳು. ಹಾಗಾಗಿಯೇ ಎದುರಿಗೆ ಅಸಾಧ್ಯವಾದದ್ದು ಬಂದು ಕೂತಾಗ ಮುಗುಳುನಕ್ಕು ಆರತಿ ಎತ್ತಿದಳೇ? ಪುರಾಣ ಹಾಗೆ ಹೇಳುವುದಿಲ್ಲ. ಎರಡು ಕಥೆಗಳನ್ನು ಒಬ್ಬಳೇ ರಾಣಿಗೆ ಕಟ್ಟಿರುವುದು ನನ್ನನ್ನು ಹಾಗೆ ಯೋಚಿಸಲು ಹಚ್ಚುತ್ತದೆ.

ಪಶ್ಚಿಮದಲ್ಲಿ ಇಂದಿನ ಮನುಷ್ಯ ಹಳೆಯ ಆಸ್ಥಾನಕ್ಕೆ ಬೀಳುವ ಹಾಸ್ಯವನ್ನು ಗಟ್ಟಿಗೊಳಿಸಿದವನು ಮಾರ್ಕ್ ಟ್ವೈನ್. 1889ರ ಅವನ ಕಾದಂಬರಿಯಲ್ಲಿ ಅಮೆರಿಕದ ಕುಶಲಕರ್ಮಿ ಆರ್ಥರ್ ದೊರೆಯ ಸಭೆಯಲ್ಲಿ ಎಚ್ಚರಗೊಳ್ಳುತ್ತಾನೆ. 1895ರಲ್ಲಿ ಎಚ್. ಜಿ. ವೆಲ್ಸ್ ಕಾಲಯಂತ್ರ ಕೊಟ್ಟ. ಆ ಯಂತ್ರ ನಮ್ಮ ಹಂಪೆಗೆ ಬಂದದ್ದು 1991ರಲ್ಲಿ, ‘ಹಾಲು ಜೇನು’ ಮಾಡಿದ ಸಿಂಗೀತಂ ಶ್ರೀನಿವಾಸರಾಯರ ತೆಲುಗು ಚಿತ್ರ ‘ಆದಿತ್ಯ 369’ರಲ್ಲಿ. ಪ್ರೇಮಿಗಳಿಬ್ಬರು 1526ರ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗುತ್ತಾರೆ. ಮನೆಮಾತು ತೆಲುಗಾಗಿರುವ ಎಷ್ಟೋ ಕುಟುಂಬಗಳಿರುವ ನಮ್ಮ ಸೀಮೆಯಲ್ಲಿ ಈ ಚಿತ್ರದ ನೆನಪು ಇನ್ನೂ ಹಸಿರಾಗಿದೆ. ವಿರೂಪಾಕ್ಷ ಗುಡಿಯ ಶಾಸನದ ಪುರೂರವನ ಹೆಸರಿನವರೆಗೆ ಆ ಯಂತ್ರ ಹೋಗಲಿಲ್ಲ.

ಎರಡೂ ದಾರಿಗಳು, ಮೈ ಬದಲಾಗುವುದು ಮತ್ತು ಕಾಲ ಬದಲಾಗುವುದು, ಕೂಡಿಕೊಂಡದ್ದು ಪೂರ್ವ ಏಷ್ಯಾದಲ್ಲಿ. 2015ರ ಕೊನೆಯಲ್ಲಿ ಚೀನಾದಲ್ಲಿ ಬಂದ ‘ಗೋ ಪ್ರಿನ್ಸೆಸ್ ಗೋ’ ಎಂಬ ಧಾರಾವಾಹಿಯಲ್ಲಿ ಇಂದಿನ ಗಂಡಸೊಬ್ಬ ಹಳೆಯ ಕಾಲದ ಯುವರಾಣಿಯ ಮೈ ಸೇರುತ್ತಾನೆ. ತಿಂಗಳೊಂದು ಕಳೆದ ಮೇಲೆ ಅಧಿಕಾರಿಗಳು ಅದನ್ನು ತೆಗೆಸಿದರು. ಕತ್ತರಿ ಆಡಿದ ಮೇಲೆ ಮರಳಿ ಬಂತು. ಅದರ ಕೊರಿಯನ್ ರೂಪವೇ ನಾನು ರೈಲಿನಲ್ಲಿ ಕಂಡ ‘ಮಿಸ್ಟರ್ ಕ್ವೀನ್’. 2020ರ ಡಿಸೆಂಬರ್‌ನಿಂದ 2021ರ ಫೆಬ್ರವರಿಯವರೆಗೆ 20 ಕಂತು. ಅಧ್ಯಕ್ಷರ ಭವನದ ಅಡುಗೆಯವನೊಬ್ಬ ಜೋಸನ್ ಕಾಲದ ರಾಣಿಯಾಗುತ್ತಾನೆ. ಚಿಯೋಲ್ಜಾಂಗ್ ದೊರೆ ಅವನ ಅಡುಗೆಗೂ ಒರಟು ಮಾತಿಗೂ ಮನಸೋಲುತ್ತಾನೆ. ತಾನು ಗಂಡೆಂಬ ಎಚ್ಚರ ಮತ್ತು ದೊರೆಯ ಮೇಲಿನ ಸೆಳೆತ, ಇವೆರಡರ ಜಗ್ಗಾಟವೇ ಅಲ್ಲಿನ ನಗೆ. ಕೊನೆಯ ಕಂತಿನಲ್ಲಿ ಅವನು ತನ್ನ ಕಾಲಕ್ಕೂ ತನ್ನ ಮೈಗೂ ಮರಳುತ್ತಾನೆ. ದೊರೆಯ ಜೊತೆ ಉಳಿಯುವವಳು ನಿಜವಾದ ರಾಣಿ. ಹತ್ತೊಂಬತ್ತು ಕಂತು ಕಟ್ಟಿದ ಪ್ರೀತಿಗೆ ಯಾರು ಹಕ್ಕುದಾರರು ಎಂಬ ಪ್ರಶ್ನೆಯನ್ನು ಅದು ಕೈಬಿಡುತ್ತದೆ. ಬೃಹನ್ನಳೆಯ ಬಳೆ ಕಳಚಿದ ಹಾಗೆಯೇ ಇದೂ.

ಕೋಲಾರ ಸೀಮೆಯಲ್ಲಿ ವರ್ಷಕ್ಕೊಮ್ಮೆ ಗಂಡಸೊಬ್ಬ ರಾಣಿಯಾಗುತ್ತಾನೆ. ದ್ರೌಪದಿಯ ಕರಗ ಹೊರುವ ತಿಗಳ ಕುಲದ ಪೂಜಾರಿ ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯ ಜಲ್ಲಿಯ ಕೆಳಗೆ ಮುಖ ಮರೆಸಿಕೊಂಡು ರಾತ್ರಿಯೆಲ್ಲ ಊರು ಸುತ್ತುತ್ತಾನೆ. ಕತ್ತಿ ಹಿರಿದ ವೀರಕುಮಾರರು ಅವನ ಮಕ್ಕಳಾಗಿ ಜೊತೆಗೆ ಓಡುತ್ತಾರೆ. ಬೆಂಗಳೂರಿನ ಕರಗದಲ್ಲಿ ಹೆಂಡತಿ ತನ್ನ ತಾಳಿಯನ್ನೂ ಬಳೆಗಳನ್ನೂ ಗಂಡನಿಗೆ ಕೊಟ್ಟು, ಉತ್ಸವ ಮುಗಿಯುವವರೆಗೆ ಅವನ ಕಣ್ಣಿಗೆ ಬೀಳದೆ ಇರುವ ಪದ್ಧತಿಯಿದೆ. ಉತ್ತರ ಆರ್ಕಾಟಿನ ಕಡೆಯಿಂದ ಗಣಿ ಕೆಲಸಕ್ಕೆ ಬಂದು ನಂದಿದುರ್ಗದ, ಚಾಂಪಿಯನ್ ರೀಫ್‌ನ ಲೈನುಮನೆಗಳಲ್ಲಿ ನೆಲೆಸಿದವರ ಮೂಲ ನಾಡಿನಲ್ಲಿ ಇದೇ ದ್ರೌಪದಿಯ ಕಥೆಗೆ ಅರ್ಜುನನ ಮಗ ಅರವಾನನೂ ಸೇರಿಕೊಂಡಿದ್ದಾನೆ. ಯುದ್ಧಕ್ಕೆ ಬಲಿಯಾಗುವ ಮುನ್ನ ಅವನನ್ನು ಮದುವೆಯಾಗಲು ಯಾವ ಹೆಣ್ಣೂ ಒಪ್ಪದಿದ್ದಾಗ ಕೃಷ್ಣನೇ ಮೋಹಿನಿಯಾಗಿ ತಾಳಿ ಕಟ್ಟಿಸಿಕೊಂಡ. ತಮಿಳುನಾಡಿನ ಕೂವಾಗಂನಲ್ಲಿ ಪ್ರತಿ ಚಿತ್ತಿರೈ ತಿಂಗಳು ತೃತೀಯಲಿಂಗಿಗಳು ಮೋಹಿನಿಯಾಗಿ ಅವನಿಗೆ ಹೆಂಡತಿಯಾಗುತ್ತಾರೆ, ಮರುದಿನ ಬಳೆ ಒಡೆದುಕೊಂಡು ಅಳುತ್ತಾರೆ.

ಬೆಳಗಾಗುತ್ತದೆ. ಕರಗ ಇಳಿಯುತ್ತದೆ. ಪೂಜಾರಿ ಸೀರೆ ಬಿಚ್ಚುತ್ತಾನೆ, ತಾಳಿ ಹೆಂಡತಿಯ ಕೊರಳಿಗೆ ಮರಳುತ್ತದೆ. ಮೋಹಿನಿ ಕೃಷ್ಣನಾಗುತ್ತಾಳೆ. ಕೊರಿಯಾದ ಅಡುಗೆಯವನು ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾನೆ. ವಿದರ್ಭದಲ್ಲಿ ಮಾತ್ರ ಸಾಮವತಿ ಸುಮೇಧನ ಮನೆಯಲ್ಲಿ ಸಂಜೆಯ ದೀಪ ಹಚ್ಚುತ್ತಿದ್ದಾಳೆ, ವೇಷಕ್ಕೆಂದು ತೊಡಿಸಿದ ಬಳೆಗಳು ಇನ್ನೂ ಅವಳ ಕೈಯಲ್ಲಿವೆ.